ಕೋಳಿ ತಿನ್ನೋರಿಗೆ ಕರುಣೆಯ ಪಾಠ ಹೇಳೋರಿಗೆ

ಮೊನ್ನೆ ನಾನು ಹಾಕಿದ್ದ ಫೋಟೋನ ಬಹಳ ಜನ ನೋಡಿದ್ದೀರಿ. ಬೆನ್ನ ತುಂಬ ಅರಿಶಿನ ಮೆತ್ತಿಸಿಕೊಂಡ ಒಂದು ಕಂದು ಹೇಂಟೆ, ಅದನ್ನು ಮಡಿಲಲ್ಲಿ ಕೂರಿಸ್ಕೊಂಡು ಸೂಜಿ ತೆಗೆದ ಸಿರಿಂಜಿನಲ್ಲಿ ಬೆಲ್ಲದ ನೀರು ಬಿಡ್ತಿರೋ ನಮ್ಮವ್ವ. "ಅವ್ವನ ಐಸಿಯು" ಅಂತ ಮೇಲೊಂದು ಸಾಲು. ಅಷ್ಟೇ.

ಕೆಳಗೆ ಬಂದ ಮಾತುಗಳಲ್ಲಿ ಮೂರು ನೆನಪಿನಲ್ಲಿವೆ. "ಇವತ್ತು ಅರಿಶಿನ, ನಾಳೆ ಖಾರ-ಉಪ್ಪು." "ಮಸಾಲೆ ಹಚ್ಚಿ ನೆನೆಯೋಕೆ ಇಟ್ಟಿದ್ದೀರಿ ಅಂದ್ಕೊಂಡೆ." ಇವೆರಡಕ್ಕೂ ನಮ್ಮ ಹುಡುಗರೇ ನಕ್ಕಿದ್ದಾರೆ, ಇರಲಿ. ಮೂರನೆಯದು ಕೈಮುಗಿದು ಬಂದಿತ್ತು: "ಸರ್, ಬೇಸರ ಮಾಡ್ಕೋಬೇಡಿ. ತಿನ್ನೋ ಪ್ರಾಣಿ ಮೇಲೆ ಹೀಗೆ ಪ್ರೀತಿ ತೋರಿಸೋದು ಬೂಟಾಟಿಕೆ ಅಲ್ವಾ? ನಿಮ್ಮವರಿಗೆ ನಿಜವಾದ ಕರುಣೆ ಇದ್ದರೆ ಮೊದಲು ಮಾಂಸ ಬಿಡಲಿ." ನಾನು ಉತ್ತರ ಬರೀತಿರೋದು ಈ ಮೂರನೆಯವರಿಗೆ. "ನಿಮ್ಮವರಿಗೆ" ಅನ್ನೋ ಆ ಒಂದು ಪದಕ್ಕೆ.

ಮೊದಲು ತಿನ್ನೋ ವಿಷಯ ಮುಗಿಸಿಬಿಡೋಣ. ಹೌದು ಸ್ವಾಮಿ, ತಿಂತೀವಿ. ಹುಂಜ ಬಲಿತರೆ ಹಬ್ಬಕ್ಕೆ ಕುಯ್ತೀವಿ. ಮೊಟ್ಟೆ ನಿಂತ ಹೇಂಟೆಯನ್ನ ಮಾರ್ತೀವಿ, ನೆಂಟರು ಬಂದರೆ ಸಾರು ಮಾಡ್ತೀವಿ. ಈ ಹೇಂಟೆಗೂ ಒಂದು ದಿನ ಅದೇ ಬರಬಹುದು. ಮುಚ್ಚಿಡೋಕೆ ಇದರಲ್ಲಿ ಏನೂ ಇಲ್ಲ. ನನ್ನ ತಕರಾರಿರೋದು ನಿಮ್ಮ ಪ್ರಶ್ನೆ ಹೊಟ್ಟೆಯೊಳಗೆ ಕೂತಿರೋ ಲೆಕ್ಕದ ಜೊತೆ. ತಿನ್ನೋರಿಗೆ ಕರುಣೆ ಇರಲ್ಲ, ತಿನ್ನದವರಿಗೆ ಅದು ಹುಟ್ತಾನೇ ಬಂದಿರ್ತದೆ ಅನ್ನೋ ಲೆಕ್ಕ. ಇದನ್ನ ಯಾರು ಬರೆದರು, ಯಾರು ಪರೀಕ್ಷೆ ಮಾಡಿದರು?

ನಮ್ಮ ಹಟ್ಟಿಯಲ್ಲಿ ಆದದ್ದನ್ನ ಹೇಳ್ತೀನಿ, ನೀವೇ ಪರೀಕ್ಷೆ ಮಾಡಿ.

ಆ ಹೇಂಟೆ ಒಂಬತ್ತು ಮರಿ ಕಟ್ಕೊಂಡು ತಿಪ್ಪೆ ಕೆದಕ್ತಾ ಇತ್ತು. ಮರಿಗಳಿಗೆ ಇನ್ನೂ ಮೂರು ವಾರ. ಮೇಲಿನ ಬೀದಿಯ ಒಂದು ದೊಡ್ಡ ಮನೆಯ ಸಾಕುನಾಯಿ ನುಗ್ಗಿತು. ಕೋಳಿ ಹಾರಿ ತಪ್ಪಿಸಿಕೊಳ್ಳಬಹುದಿತ್ತು, ನಾಟಿ ಕೋಳಿ ಮಾಡಿನ ತನಕ ಹಾರ್ತದೆ. ಆದರೆ ಮರಿ ಇದ್ದ ಹೇಂಟೆ ಹಾರಲ್ಲ, ಗರಿ ಕೆದರಿಕೊಂಡು ಎದುರಿಗೆ ಹೋಗ್ತದೆ. ಎದುರಿಗೆ ಹೋಯ್ತು. ನಾಯಿಯ ಬಾಯಿಂದ ಬಿಡಿಸಿದಾಗ ಬೆನ್ನಿನ ಚರ್ಮ ಅಂಗೈಯಗಲ ಕಿತ್ತು ನೇತಾಡ್ತಿತ್ತು, ರೆಕ್ಕೆ ಕೆಳಗೆ ಹಲ್ಲಿನ ಎರಡು ತೂತು. ಒಂಬತ್ತು ಮರಿಗಳಲ್ಲಿ ಎಂಟು ಉಳಿದಿದ್ದವು.

ನಮ್ಮೂರಲ್ಲಿ ನಾಟಿ ಮೊಟ್ಟೆ ಒಂದಕ್ಕೆ 12ರಿಂದ 15 ರೂಪಾಯಿ. ಮೈ ತುಂಬಿದ ಹೇಂಟೆ 500ಕ್ಕೆ ಕಮ್ಮಿ ಇಲ್ಲ. ಜಮೀನಿಲ್ಲದ ಹೆಂಗಸಿಗೆ ಅದೇ ಬ್ಯಾಂಕು. ಮಗುವಿನ ಪುಸ್ತಕಕ್ಕೆ, ಸಂಘದ ವಾರದ ಕಂತಿಗೆ, ಆಸ್ಪತ್ರೆಗೆ ಹೋಗೋ ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚದೆ ಇರೋ ಹಾಗೆ ಮಾಡೋದು ಆ ಮಂಕರಿ ಕೆಳಗಿನ ಕೋಳಿ. ನಾಯಿ ಕಚ್ಚಿದ್ದು ಕೋಳಿಯನ್ನ ಮಾತ್ರ ಅಲ್ಲ ಅಂತ ನಗರದ ಸ್ನೇಹಿತರಿಗೆ ಹೇಳಬೇಕಾಗ್ತದೆ, ಹಳ್ಳಿಯವರಿಗೆ ಬೇಕಿಲ್ಲ.

ಆ ಮನೆಗೆ ಹೋಗಿ ಹೇಳಿದ್ದಕ್ಕೆ ಬಂದ ಉತ್ತರ, "ನಿಮ್ಮ ಕೋಳಿ ನೀವು ಕೂಡಿ ಹಾಕ್ಕೋಬೇಕಪ್ಪ." ಸರಿ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಕೋಳಿ ಅದೇ ಬೀದಿಯವರ ಅವರೆ ಪಾತಿ ಕೆದಕಿತ್ತು. ಕಲ್ಲು ಬೀರಿ ಅದರ ಕಾಲು ಮುರಿದರು. ಮೇಲೆ ಪಂಚಾಯ್ತಿ ಸೇರಿಸಿ ಕೋಳಿ ಸಾಕಿದವಳ ಕೈಲೇ 500 ರೂಪಾಯಿ ತಪ್ಪುಕಾಣಿಕೆ ಕಟ್ಟಿಸಿದರು. ನಮ್ಮ ಕೋಳಿ ಅವರ ಪಾತಿಗೆ ಹೋದರೆ ತಪ್ಪು ನಮ್ಮದು. ಅವರ ನಾಯಿ ನಮ್ಮ ಹಟ್ಟಿಗೆ ಬಂದರೂ ತಪ್ಪು ನಮ್ಮದೇ. ನಾಯಿ ಮೇಲೆ ನನಗೆ ಸಿಟ್ಟಿಲ್ಲ ಬಿಡಿ, ಅದಕ್ಕೆ ಹಟ್ಟಿ ಯಾವುದು ಬೀದಿ ಯಾವುದು ಗೊತ್ತಿಲ್ಲ.

ಪಶು ಆಸ್ಪತ್ರೆಗೂ ಹೋದೆ. ಯಾವುದು ಅಂತ ಬರೆಯಲ್ಲ. ಅಲ್ಲಿ ಕೂತಿದ್ದವರು ಚೀಲದೊಳಗೆ ಇಣುಕಿ ನೋಡಿ, "ಏನಪ್ಪಾ, ಒಂದು ಕೋಳಿಗೆ ಡಾಕ್ಟ್ರಾ? ಉಸಿರಿದ್ದಾಗಲೇ ಕುಯ್ಕೊಂಡು ತಿನ್ನಿ, ನಿಮಗೇನು ಹೊಸದಾ?" ಅಂದರು. ನೋಡಿ, ನನ್ನ ಮೂರನೆಯ ಮಿತ್ರರು ಮಾಂಸ ಬಿಡಿ ಅಂತಾರೆ, ಈ ಮಹಾಶಯರು ಕುಯ್ದು ತಿನ್ನಿ ಅಂತಾರೆ. ಇಬ್ಬರದೂ ಒಂದೇ ನಂಬಿಕೆ, ಇವರ ಕೈಗೆ ಸಿಕ್ಕ ಪ್ರಾಣಿಗೆ ಬಾಯಿಗೆ ಹೋಗೋದು ಬಿಟ್ಟು ಬೇರೆ ದಾರಿ ಇಲ್ಲ ಅಂತ.

ಆಮೇಲಿನದ್ದೆಲ್ಲ ಅವ್ವನದು. ಇದನ್ನ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಇದನ್ನ ಯಾರೂ ಬರೆದಿಡಲ್ಲ.

ಚೀಲದಿಂದ ತೆಗೀತಾ ನಾನು ಎರಡೂ ಕೈಲಿ ಎದೆ ಸುತ್ತ ಹಿಡಿಯೋಕೆ ಹೋದೆ. "ಎದೆ ಹಿಡೀಬ್ಯಾಡ ಕಣ್ಲಾ, ಉಸುರು ಕಟ್ಕತದೆ" ಅಂದಳು. ನನ್ನ ಜೊತೆ ಹಾಸ್ಟೆಲ್‌ನಲ್ಲಿ ಅನ್ನ ಉಂಡ ಒಬ್ಬ ಗೆಳೆಯ ಈಗ ಬೇರೆ ಜಿಲ್ಲೆಯಲ್ಲಿ ಪಶುವೈದ್ಯ. ರಾತ್ರಿ ಫೋನಿನಲ್ಲಿ ಅವನು ಹೇಳಿದ ಮೊದಲ ಮಾತೂ ಅದೇ. ಹಕ್ಕಿಗಳಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡು ಮೇಲೆ ಕೆಳಗೆ ಆಡಿದರೇನೇ ಉಸಿರು, ಬಿಗಿಯಾಗಿ ಬಟ್ಟೆ ಸುತ್ತಿದರೂ ಸಾಯ್ತವೆ ಅಂದ. ಅವನು ಐದು ವರ್ಷ ಓದಿ ಕಲಿತದ್ದು. ಅವ್ವನಿಗೆ ಅವಳ ಅವ್ವ ಹೇಳಿದ್ದು.

ಗಾಯ ನೋಡೋಕೆ ಮುಂಚೆ ಅವಳು ಮಾಡಿದ ಕೆಲಸ, ಕೋಳೀನ ಒಲೆ ಪಕ್ಕದ ಕತ್ತಲೆ ಮೂಲೇಲಿ ಗೋಣಿತಟ್ಟಿನ ಮೇಲೆ ಕೂರಿಸಿ ಮಂಕರಿ ಕವುಚಿದ್ದು. ಅರ್ಧ ಗಂಟೆ ಯಾರೂ ಹತ್ತಿರ ಹೋಗಬಾರದು. ಬೆದರಿದ ಕೋಳಿ ಗಾಯಕ್ಕಿಂತ ಮೊದಲು ಬೆದರಿಕೆಗೇ ಸಾಯ್ತದೆ. ಬಾಯಿಗೆ ನೀರು ಹುಯ್ಯೋಕೆ ಹೋದ ನನ್ನ ಅಕ್ಕನಿಗೂ ಬೈಗುಳ ಬಿತ್ತು. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಬೇಕು, ಅದಾಗೇ ನುಂಗಬೇಕು. ಸುರಿದರೆ ಉಸಿರಿನ ದಾರಿಗೆ ಹೋಗ್ತದೆ. ಬೆಲ್ಲದ ನೀರಿಗೆ ಒಂದು ಚಿಟಿಕೆ ಉಪ್ಪು.

ಆಮೇಲೆ ಗಾಯ. ಸುತ್ತಲ ಗರಿಗಳನ್ನ ಕತ್ತರಿಯಲ್ಲಿ ಕತ್ತರಿಸಿದಳು. ಕೀಳಬಾರದು, ಕಿತ್ತರೆ ಇನ್ನಷ್ಟು ರಕ್ತ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದಳು, ಒಂದಲ್ಲ ನಾಲ್ಕು ಸಲ. ನೇತಾಡ್ತಿದ್ದ ಚರ್ಮವನ್ನ ಜಾಗಕ್ಕೆ ಕೂರಿಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದಳು. ರೆಕ್ಕೆ ಕೆಳಗಿನ ತೂತನ್ನ ಮಾತ್ರ ಮುಚ್ಚಲಿಲ್ಲ. ಮಾರನೇ ದಿನ ಅಲ್ಲಿ ಚರ್ಮದೊಳಗೆ ಗಾಳಿ ತುಂಬಿ ಬಲೂನಿನ ಹಾಗೆ ಉಬ್ಬಿತು, ಮುಟ್ಟಿದರೆ ಪುಸುಪುಸು. ನಾವೆಲ್ಲ ಹೆದರಿದ್ವಿ. ಹಕ್ಕಿಯ ಮೈಯೊಳಗೆ ಗಾಳಿಚೀಲಗಳಿರ್ತವೆ, ಹಲ್ಲು ಅಲ್ಲಿ ತನಕ ಇಳಿದಿರಬಹುದು, ತಾನೇ ಇಳಿಯೋ ಸಾಧ್ಯತೆ ಇದೆ, ಆದರೆ ನಾಯಿಬಾಯಿಯ ಕ್ರಿಮಿ ಒಳಗೆ ಹೋಗಿರ್ತದೆ ಅಂತ ಗೆಳೆಯ ಹೇಳಿ, ಕೋಳಿಯ ತೂಕ ಕೇಳಿ, ಅದಕ್ಕೆ ತಕ್ಕ ಹಾಗೆ ಔಷಧಿ ಬರೆಸಿದ. ಅರಿಶಿನ ಒಂದರಿಂದಲೇ ಎಲ್ಲ ವಾಸಿ ಆಗ್ತದೆ ಅಂತ ನಾನು ಹೇಳ್ತಿಲ್ಲ. ಅವ್ವನೂ ಹೇಳಲಿಲ್ಲ, ಔಷಧಿ ಬಾಟಲಿ ಕೈಗೆ ಬಂದ ಕೂಡಲೇ "ಎಷ್ಟೊತ್ತಿಗೆ ಎಷ್ಟು ಹನಿ ಕೇಳ್ಕೊ" ಅಂದಳು. ಪುರಾತನ ಜ್ಞಾನ ಅಂತ ಎದೆ ತಟ್ಕೊಂಡು ಡಾಕ್ಟ್ರನ್ನ ಬೈಯೋ ಚಟ ನಮ್ಮ ಹಟ್ಟಿಯವರಿಗಿಲ್ಲ.

ಮೂರನೇ ದಿನ ವಾಸನೆ ಬಂತು. ಚರ್ಮದ ಮಡಿಕೆಯೊಳಗೆ ನೊಣ ಮೊಟ್ಟೆ ಇಟ್ಟು ಹುಳ ಮಿಜಿಮಿಜಿ ಅಂತಿದ್ದವು. ಇಲ್ಲಿ ತನಕ ಓದಿದ ಕೆಲವರು ಈಗ ಮೂಗು ಮುಚ್ಕೊಂಡಿರ್ತೀರಿ. ಅವ್ವ ಮೂಗು ಮುಚ್ಚಲಿಲ್ಲ. ಸೀತಾಫಲದ ಎಲೆ ಜಜ್ಜಿ ರಸ ಹಿಂಡಿ ಗಾಯಕ್ಕೆ ಬಿಟ್ಟಳು, ಹೊರಗೆ ಬಂದ ಹುಳಗಳನ್ನ ಒಂದೊಂದಾಗಿ ಕಡ್ಡಿಯಲ್ಲಿ ಎತ್ತಿದಳು. ದೀಪದ ಬೆಳಕಲ್ಲಿ, ಕನ್ನಡಕ ಇಲ್ಲದ ಕಣ್ಣಲ್ಲಿ, ಒಂದೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಅವಳು ಕೂಲಿಗೆ ಹೋಗಬೇಕಿತ್ತು.

ಐದನೇ ದಿನ ರಾಗಿ ಅಂಬಲಿ ಕುಡೀತು. ಅಲ್ಲಿವರೆಗೆ ಹಿಕ್ಕೆ ಹಸಿರಾಗಿತ್ತು, ಹೊಟ್ಟೆ ಖಾಲಿ ಅನ್ನೋದರ ಗುರುತು ಅದು. ಅವ್ವ ದಿನಾ ಬೆಳಿಗ್ಗೆ ಮೊದಲು ನೋಡ್ತಿದ್ದದ್ದು ಹಿಕ್ಕೆಯನ್ನೇ. ಹನ್ನೆರಡನೇ ದಿನಕ್ಕೆ ಗಾಯ ಒಣಗಿ ಹೆಕ್ಕಳೆ ಕಟ್ಟಿತು. ಎಂಟು ಮರಿಗಳು ಅಷ್ಟೂ ರಾತ್ರಿ ಇನ್ನೊಂದು ಮಂಕರಿ ಕೆಳಗೆ ಹಳೇ ಸೀರೆ ಚೂರಿನೊಳಗೆ ಮಲಗಿದವು. ಒಂದು ಸತ್ತುಹೋಯ್ತು, ಏಳು ಉಳಿದವು.

ನಮ್ಮಜ್ಜಿಯದು ಇನ್ನೂ ದೊಡ್ಡ ಕೈ. ಹೊಲದವರು ಔಷಧಿ ಹಚ್ಚಿ ಬಿತ್ತಿದ ಕಾಳು ತಿಂದು ಕೋಳಿ ಕತ್ತು ಹಾಕಿದರೆ, ಕುತ್ತಿಗೆ ಬುಡದಲ್ಲಿರೋ ಕಾಳಿನ ಚೀಲವನ್ನ ಹೊಸ ಬ್ಲೇಡಿನಲ್ಲಿ ಸೀಳಿ, ಕಾಳು ತೆಗೆದು, ಒಳಗೆಲ್ಲ ತೊಳೆದು, ಸೂಜಿದಾರದಲ್ಲಿ ಹೊಲಿದುಬಿಡೋಳು. ಮೊದಲು ಒಳಚೀಲ, ಆಮೇಲೆ ಮೇಲಿನ ಚರ್ಮ, ಎರಡನ್ನೂ ಬೇರೆ ಬೇರೆಯಾಗಿ. ಹೆಬ್ಬೆಟ್ಟು ಒತ್ತೋ ಹೆಂಗಸು. ಎಲ್ಲವೂ ಬದುಕ್ತಿರಲಿಲ್ಲ, ಬದುಕಿದವೂ ಬೇಕಾದಷ್ಟಿದ್ದವು. ಇದನ್ನ ಮಾಡೋ ಅಜ್ಜಿಯರು ಅವಳೊಬ್ಬಳೇ ಅಲ್ಲ, ನಿಮ್ಮ ನಿಮ್ಮ ಹಟ್ಟಿಯಲ್ಲಿ ಕೇಳಿ ನೋಡಿ. ಆಪರೇಷನ್ ಅಂತ ಆ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ, ಅಷ್ಟೇ.

ಈಗ ಕರುಣೆಗೆ ಬರೋಣ.

ಕರುಣೆ ಅಂದರೆ ಮನಸ್ಸಲ್ಲಿ ಮೂಡೋ ಒಂದು ಮೃದು ಭಾವನೆ ಅಂತ ನೀವು ತಿಳ್ಕೊಂಡಿದ್ದೀರಿ. ಅದಕ್ಕೇ ಊಟದ ತಟ್ಟೆ ನೋಡಿ ಅದನ್ನ ಅಳೀತೀರಿ. ನಾನು ನೋಡಿದ ಕರುಣೆ ಕೈಯಲ್ಲಿರ್ತದೆ. ಕೀವು ಒರೆಸೋದು, ಹುಳ ಎತ್ತೋದು, ಹಿಕ್ಕೆ ನೋಡೋದು, ಹಸುವಿನ ಕರು ಅಡ್ಡ ಬಂದರೆ ಮೊಣಕೈ ತನಕ ಕೈ ಹಾಕೋದು, ಹೆತ್ತವಳ ಕಸ ತೆಗೆಯೋದು, ಸತ್ತದ್ದನ್ನ ಹೊತ್ತು ಹಾಕೋದು. ಇವೆಲ್ಲ ಮುಟ್ಟಿ ಮಾಡಬೇಕಾದ ಕೆಲಸ. ಈ ದೇಶ ಮುಟ್ಟಿ ಮಾಡಬೇಕಾದ ಕೆಲಸಗಳನ್ನೆಲ್ಲ ನಮ್ಮ ಮೇಲೆ ಹೇರಿ, ಮುಟ್ಟಿದ್ದಕ್ಕೇ ನಮ್ಮನ್ನ ಮುಟ್ಟಬಾರದವರು ಅಂತ ಕರೀತು. ಮುಟ್ಟದೇ ದೂರ ನಿಂತವರು ಶುದ್ಧ ಆದರು, ಆಮೇಲೆ ದಯಾಮಯಿಗಳೂ ಆದರು. ನನ್ನ ಮೂರನೆಯ ಮಿತ್ರರೇ, ಒಂದು ಪ್ರಾಣಿಯ ಕೀವನ್ನ ಬರಿಗೈಲಿ ಮುಟ್ಟಿದ್ದು ನೀವು ಯಾವಾಗ? ವ್ಯಂಗ್ಯ ಮಾಡ್ತಿಲ್ಲ, ಕೇಳ್ತಿದ್ದೀನಿ.

1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರಲ್ಲ, ಆ ಕೆರೆಯಲ್ಲಿ ದನಗಳು ಕುಡಿಯೋದಕ್ಕೆ ಅಡ್ಡಿ ಇರಲಿಲ್ಲ. ಮನುಷ್ಯರು ಕುಡಿದ ಮೇಲೆ ಕೆರೆಯನ್ನ ಶುದ್ಧಿ ಮಾಡಿದರು. ಪ್ರಾಣಿದಯೆ ಇಲ್ಲದ ಊರು ಅಂತ ಅದನ್ನ ಹೇಳೋಕಾಗಲ್ಲ, ದನಕ್ಕೆ ದಯೆ ಚೆನ್ನಾಗೇ ಸಿಕ್ಕಿತ್ತು.

2016ರ ಜುಲೈನಲ್ಲಿ ಗುಜರಾತಿನ ಊನಾ ತಾಲ್ಲೂಕಿನ ಮೋಟಾ ಸಮಢಿಯಾಳದಲ್ಲಿ ಸತ್ತ ಹಸುವಿನ ಚರ್ಮ ಸುಲೀತಿದ್ದ ನಮ್ಮ ಹುಡುಗರನ್ನ ಬಟ್ಟೆ ಬಿಚ್ಚಿಸಿ, ಕಾರಿಗೆ ಕಟ್ಟಿ, ರಾಡಿನಲ್ಲಿ ಹೊಡೆದರು. ಆ ಹಸುವನ್ನ ಕೊಂದದ್ದು ಸಿಂಹ ಅನ್ನೋದು ಆಮೇಲೆ ತನಿಖೆಯಲ್ಲಿ ಬಂತು. ಗಿರ್ ಕಾಡಿನ ಸೀಮೆ ಅದು. ಬೇಟೆ ಆಡಿದ್ದು ಕಾಡುಪ್ರಾಣಿ, ಹೊಡೆತ ತಿಂದದ್ದು ಹೆಣ ಎತ್ತೋಕೆ ಕರೆಸಿಕೊಂಡವರು. ನಾಯಿ ಕಚ್ಚಿದರೂ ತಪ್ಪುಕಾಣಿಕೆ ನಮ್ಮದು ಅಂದೆನಲ್ಲ, ಅದನ್ನ ಒಂದು ಹಳ್ಳಿಯ ಕೋಳಿ ಜಗಳ ಅಂತ ತಳ್ಳಿಹಾಕಬೇಡಿ.

ಕಾನೂನಿನ ಪುಸ್ತಕದಲ್ಲೂ ದಯೆಗೆ ದರಪಟ್ಟಿ ಇದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದ ತನಕ ದಂಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯನನ್ನ ಬಿಟ್ಟು ಎಲ್ಲ ಜೀವಿಗೂ ಅನ್ವಯಿಸ್ತದೆ, ಕೋಳಿಗೂ. ಅದರಲ್ಲಿ ಹಿಂಸೆಯ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹತ್ತು. ಐವತ್ತು. ಸಾವಿರ ಬಿಟ್ಟುಹೋಗಿಲ್ಲ, ಸರಿಯಾಗೇ ಓದ್ಕೊಂಡಿದ್ದೀರಿ. ನೋವು ಹಸುವಿಗೂ ಕೋಳಿಗೂ ಒಂದೇ ಅಂದ್ಕೊಂಡಿದ್ದರೆ ಈ ಎರಡು ಪಟ್ಟಿ ಪಕ್ಕಪಕ್ಕದಲ್ಲಿ ಇಷ್ಟು ವರ್ಷ ಇರ್ತಿರಲಿಲ್ಲ. ಇಲ್ಲಿ ಪ್ರಾಣಿಗಳಿಗೂ ಜಾತಿ ಇದೆ. ಯಾರ ಹಟ್ಟಿಯಲ್ಲಿ ಬೆಳೀತದೆ, ಯಾರ ದೇವರಿಗೆ ಹತ್ತಿರ ಅನ್ನೋದರ ಮೇಲೆ ಅದು ನಿರ್ಧಾರ ಆಗ್ತದೆ.

ಕೋಳಿಗೇ ಕರುಣೆ ಬೇಕು ಅನ್ನೋರು ದಯವಿಟ್ಟು ಕೇಜ್ ಫಾರಂ ಕಡೆ ಹೋಗಿ. ಒಂದು ಎ4 ಹಾಳೆಗಿಂತ ಕಮ್ಮಿ ಜಾಗದಲ್ಲಿ, ರೆಕ್ಕೆ ಬಿಚ್ಚೋಕೂ ಆಗದ ತಂತಿ ಪಂಜರದಲ್ಲಿ ಬದುಕಿನುದ್ದಕ್ಕೂ ನಿಂತಿರ್ತವೆ. 2017ರಲ್ಲಿ ಭಾರತದ ಕಾನೂನು ಆಯೋಗವೇ ಇದರ ಬಗ್ಗೆ 269ನೇ ವರದಿ ಕೊಟ್ಟಿದೆ. ಆ ಮೊಟ್ಟೆ ನಿಮ್ಮ ಬೇಕರಿ ಕೇಕಿನೊಳಗೆ ಹೆಸರಿಲ್ಲದೆ ಕೂತಿರ್ತದೆ. ಅದರ ಮೇಲೆ ಯಾರೂ ನನಗೆ ಕೈಮುಗಿದು ಬರೆದಿಲ್ಲ. ಬರೆದಿದ್ದು ತಿಪ್ಪೆ ಕೆದಕಿ, ಮಣ್ಣಲ್ಲಿ ಹೊರಳಿ, ಸಂಜೆ ತಾನೇ ಗೂಡಿಗೆ ಬರೋ ಕೋಳಿಯ ಬಗ್ಗೆ. ಅದನ್ನ ಸಾಕಿದವಳ ಬಗ್ಗೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗಲೂ ಹೀಗೇ ಆಯ್ತು. ಬೇಡ ಅಂತ ಎದ್ದು ನಿಂತ ಮಠಾಧೀಶರಲ್ಲಿ ಒಬ್ಬರಾದರೂ ಪಂಜರದ ಕೋಳಿಯ ಪರವಾಗಿ ಮಾತಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ತಟ್ಟೆಯ ಮೈಲಿಗೆ ಮಾತ್ರ ಕಂಡಿತು.

ನಮ್ಮ ಕೋಳಿಗೆ ಮೈಲಿಗೆ ಇಲ್ಲದ ಕಾಲವೂ ಇತ್ತು ಅನ್ನಿ. ಊರಿಗೆ ಸಾಹೇಬರು ಬಂದರೆ ಹಟ್ಟಿಯಿಂದ ಬಿಟ್ಟಿಯಾಗಿ ಕೋಳಿ ಹಿಡ್ಕೊಂಡು ಹೋಗ್ತಿದ್ದರಂತೆ, ಅಜ್ಜಿ ಹೇಳೋಳು. ನಮ್ಮ ಕೈ ನೀರು ಆಗ್ತಿರಲಿಲ್ಲ, ನಮ್ಮ ಕೈಯಲ್ಲಿ ಬೆಳೆದ ಕೋಳಿ ಆಗ್ತಿತ್ತು.

ಇನ್ನೊಬ್ಬರು ತಿಳಿದವರು ಫೋನ್ ಮಾಡಿ ಬೇರೆ ತರ್ಕ ತೆಗೆದರು. ವಾಸಿಯಾದ ಹೇಂಟೆಯನ್ನ ಹೊರಗೆ ಬಿಟ್ಟಾಗ ಉಳಿದ ಕೋಳಿಗಳು ಅದನ್ನ ಕುಕ್ಕಿ ಓಡಿಸಿದವು ಅಂತ ನಾನು ಬರೆದಿದ್ದೆ. "ನೋಡಿದ್ರಾ, ಕೋಳಿಗಳಲ್ಲೂ ಮೇಲು-ಕೀಳಿದೆ, ಇದು ಪ್ರಕೃತಿ ನಿಯಮ" ಅಂದರು. ಕುಕ್ಕೋ ಕ್ರಮ ಇರೋದು ನಿಜ. ಆದರೆ ಸ್ವಾಮಿ, ಮೊದಲ ಸ್ಥಾನದ ಕೋಳಿಯ ಮರಿಗೆ ಮೊದಲ ಸ್ಥಾನ ಹುಟ್ಟಿನಿಂದ ಬರಲ್ಲ, ಅದೇ ಗುದ್ದಾಡಿ ಪಡೀಬೇಕು. ಇವತ್ತು ಕೆಳಗಿದ್ದದ್ದು ನಾಳೆ ಮೇಲೆ ಬರ್ತದೆ. ಕುಕ್ಕೋಕೆ ಶಾಸ್ತ್ರ ಬರ್ಕೊಂಡ ಕೋಳೀನ ನಾನು ಇನ್ನೂ ನೋಡಿಲ್ಲ. ಹಾಗೇ ಕುಕ್ಕೋದಕ್ಕೂ ಅವ್ವನ ಹತ್ತಿರ ಮದ್ದಿತ್ತು. ಹೇಂಟೆಯನ್ನ ಮಂಕರಿ ಕೆಳಗೇ ಇಟ್ಟು, ಆ ಮಂಕರಿಯನ್ನ ನಾಲ್ಕು ದಿನ ಅಂಗಳದ ನಡುವೆ ಇಟ್ಟಳು, ಸುತ್ತ ಕಾಳು ಚೆಲ್ಲಿದಳು. ಉಳಿದವು ಅದರ ಪಕ್ಕದಲ್ಲೇ ಮೇಯ್ತಾ ಮೇಯ್ತಾ ಗುರುತು ಹಿಡಿದವು. ಐದನೇ ದಿನ ಬಿಟ್ಟರೆ ಒಂದೆರಡು ಕುಕ್ಕು, ಮುಗೀತು.

ನಮ್ಮವರಿಗೂ ಎರಡು ಮಾತಿದೆ, ಬೇಜಾರಾದರೂ ಕೇಳಿ. ಸಂತೆಗೆ ಕೋಳಿ ತರೋವಾಗ ಕಾಲು ಕಟ್ಟಿ ಬೈಕಿನ ಹ್ಯಾಂಡಲ್‌ಗೆ ಡಜನ್‌ಗಟ್ಟಲೆ ತಲೆಕೆಳಗೆ ನೇತುಹಾಕ್ತೀರಲ್ಲ, ಅದು ಹಿಂಸೆ. ವಪೆ ಇಲ್ಲದ ಹಕ್ಕಿಗೆ ತಲೆಕೆಳಗಾದರೆ ಹೊಟ್ಟೆಯ ಭಾರವೆಲ್ಲ ಗಾಳಿಚೀಲದ ಮೇಲೆ ಬೀಳ್ತದೆ, ಉಸಿರಿಗೆ ಒದ್ದಾಡ್ತದೆ. ತಿನ್ನೋ ಹಕ್ಕನ್ನ ನಾನು ಕೊನೇ ತನಕ ಕೇಳ್ತೀನಿ, ಒದ್ದಾಡಿಸೋ ಹಕ್ಕನ್ನ ಕೇಳಲ್ಲ. ಒಂದು ಬುಟ್ಟಿ ತಗೊಳ್ಳಿ. ಇನ್ನೊಂದು, ಹಟ್ಟಿಯಲ್ಲಿ ಕೋಳಿ ವಿದ್ಯೆ ಪೂರಾ ಹೆಂಗಸರದು. ಸಂಘದ ವೇದಿಕೆ ಮೇಲೆ ನಾವು ಗಂಡಸರು ಆಹಾರ ಸಂಸ್ಕೃತಿ ಅಂತ ಮೈಕು ಹಿಡಿದಾಗ, ಆ ಆಹಾರ ಸಾಕಿದವಳು ಕೆಳಗೆ ಕುರ್ಚಿ ಜೋಡಿಸ್ತಿರ್ತಾಳೆ.

ಸರ್ಕಾರಕ್ಕೆ ಕೇಳೋದು ಸಣ್ಣದು. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ-ಬಾತುಗಳಿವೆ, ಅದರಲ್ಲಿ ಸುಮಾರು 31.7 ಕೋಟಿ ಹಿತ್ತಲಲ್ಲಿ ಸಾಕಿದವು. ಎಣಿಸೋವಾಗ ಜಾನುವಾರು, ಆಸ್ಪತ್ರೆ ಬಾಗಿಲಲ್ಲಿ ಸಾರಿನ ಸಾಮಾನು. ಹಟ್ಟಿಯ ಒಂದು ಕೋಳಿ ಬಂದರೂ ಹೊರರೋಗಿ ಪುಸ್ತಕದಲ್ಲಿ ಹೆಸರು ಬರೀಬೇಕು, ನೋಡಬೇಕು. ಈ ಅರ್ಜಿ ಬರೆದಾಗಿದೆ, ಬರೋ ಗ್ರಾಮಸಭೆಯಲ್ಲಿ ಕೊಡ್ತೀವಿ. ಸಹಿ, ಹೆಬ್ಬೆಟ್ಟು ಹಾಕೋರು ಬನ್ನಿ.

ಅದಕ್ಕೆ ಮುಂಚೆ ಒಂದು ಕೆಲಸ. ಕೊಕ್ಕರೆ ರೋಗದ ಲಸಿಕೆ ಒಂದು ಶೀಷೆಗೆ ನೂರು ಡೋಸು, ಇನ್ನೂರು ಡೋಸು ಹೀಗೇ ಬರೋದು. ಒಡೆದು ಕಲಸಿದ ಮೇಲೆ ಕೆಲವೇ ಗಂಟೆ. ನಾಲ್ಕು ಕೋಳಿ ಇರೋ ಮನೆಗೆ ಅದನ್ನ ಯಾರೂ ಒಡೆಯಲ್ಲ, ಅದಕ್ಕೇ ಬೇಸಿಗೆ ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿ ಆಗ್ತದೆ. ನಮ್ಮ ಗೆಳೆಯ ಡಾಕ್ಟ್ರು ಈ ಭಾನುವಾರ ರಜೆ ಹಾಕಿ ಬರ್ತಿದ್ದಾನೆ. ಎರಡೂ ಕೇರಿಯವರು ಸೇರಿದರೆ ನೂರು ಕೋಳಿ ಆಗ್ತವೆ. ಮೇಲಿನ ಬೀದಿಯವರೂ ತರಬಹುದು, ಲಸಿಕೆಗೆ ಮಡಿ ಇಲ್ಲ. ಬೆಳಿಗ್ಗೆ ಆರಕ್ಕೆ, ಕೋಳಿ ಬಿಡೋಕೆ ಮುಂಚೆ, ಅಂಬೇಡ್ಕರ್ ಭವನದ ಮುಂದೆ. ಬುಟ್ಟಿಯಲ್ಲೇ ತನ್ನಿ, ಕಾಲು ಕಟ್ಟಿ ನೇತಾಡಿಸ್ಕೊಂಡು ತರಬೇಡಿ.

ಜೈ ಭೀಮ್.